ಎಡದಿಂದ ಓದಿದ ಚಿತ್ರ

ಮಂಗಫ್, ಕುವೈತ್
14 ನವೆಂಬರ್ 2025

ಪ್ರೀತಿಯ ತಮ್ಮ ಸಿದ್ದಲಿಂಗೇಶನಿಗೆ,

ಅಕ್ಕನ ಆಶೀರ್ವಾದ. ಗಡಿಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನೀನು ಯಾರ ಫೋನನ್ನೂ ಎತ್ತುತ್ತಿಲ್ಲ. ಅದಕ್ಕೇ ಈ ಕಾಗದ. ತಡವಾಯಿತೆಂದು ಬೈಯಬೇಡ; ಏನು ಬರೆಯಲಿ ಎಂದೇ ತಿಳಿದಿರಲಿಲ್ಲ. ಈಗೊಂದು ಸುದ್ದಿ ಸಿಕ್ಕಿದೆ.

ನಾನು ಕೆಲಸ ಮಾಡುವ ಫೋಟೋ ಫ್ರೇಮ್ ಅಂಗಡಿಗೆ ಕುವೈತಿ ಮುದುಕರೊಬ್ಬರು ಜಪಾನಿನ ಮೂರು ಚಿತ್ರ ತಂದರು. ನೂರು ವರ್ಷಕ್ಕೂ ಹಿಂದೆ ರಷ್ಯಾ ಜೊತೆ ಯುದ್ಧವಾದಾಗ ಮರದ ಹಲಗೆ ಕೆತ್ತಿ, ಬಣ್ಣ ಹಚ್ಚಿ, ಕಾಗದಕ್ಕೆ ಒತ್ತಿ ತೆಗೆದವು. ಒಂದೊಂದು ಬಣ್ಣಕ್ಕೂ ಬೇರೆ ಹಲಗೆಯಂತೆ! ಮೀಸೆಯ ಕೂದಲನ್ನೂ ಬಿಡದೆ ಕೆತ್ತಿದ್ದಾರೆ ನೋಡಪಾ. ಯುದ್ಧದ ನಡುವೆ ಅಷ್ಟು ತಾಳ್ಮೆ ಯಾರಿಗಿತ್ತೋ!

ಮೂರನ್ನೂ ಒಂದೇ ಫ್ರೇಮಿನಲ್ಲಿ ಜೋಡಿಸಿ, ಕೆಳಗಿನ ರಟ್ಟಿನ ಮೇಲೆ ಎಡದಿಂದ ಒಂದು, ಎರಡು, ಮೂರು ಎಂದು ಅಂಕಿ ಬರೆದೆ. ಮೊದಲ ಹಾಳೆಯಲ್ಲಿ ತಲೆಗೆ ಪಟ್ಟಿ ಕಟ್ಟಿಕೊಂಡು, ಊರುಗೋಲು ಹಿಡಿದು ಕುಂಟುವ ದಪ್ಪ ಸೇನಾಧಿಕಾರಿ. ನಡುವಿನದರಲ್ಲಿ ಕೆಸರಿನಲ್ಲಿ ಬಿದ್ದ ಟೊಪ್ಪಿಗೆ ಹುಡುಕುತ್ತಾನೆ. ಕೊನೆಯದರಲ್ಲಿ ಗರಿಗರಿ ಬಟ್ಟೆ ತೊಟ್ಟು, ಹೆಂಡತಿಯ ಎದುರು ಮೀಸೆ ತಿರುವುತ್ತ ಕೂತಿದ್ದಾನೆ. ಪಾಪ, ಚೇತರಿಸಿಕೊಂಡನಲ್ಲ ಎಂದು ನನಗೆ ಖುಷಿಯೋ ಖುಷಿ.

ಮಾಲೀಕರಾದ ಅಹ್ಮದ್ ಬಾವಾ ಮಂಗಳೂರು ಕಡೆಯವರು. ಅಂಕಿ ನೋಡಿ ಹಣೆ ಚಚ್ಚಿಕೊಂಡರು. "ಎಂತ ಮಾಡಿದ್ದು ಮಾರಾಯ್ತಿ! ಇದು ಬಲದಿಂದ ನೋಡುವುದು, ಅರಬ್ಬಿ ಓದಿದ ಹಾಗೆ. ಇವ ರಷ್ಯಾದವ, ಜಂಬ ಕೊಚ್ಚಿ ಹೊರಟು, ಪೆಟ್ಟು ತಿಂದು ಬಂದವ. ಶತ್ರುವನ್ನು ನೋಡಿ ನಗ್ಲಿಕ್ಕೆ ಮಾಡಿದ ಚಿತ್ರ."

"ನನಗ ನಗು ಬರವಲ್ದಲ್ರಿ," ಅಂದೆ.

ಮುದುಕರು ಮಾತ್ರ ನನ್ನ ತಪ್ಪು ಕೇಳಿ ಬಿದ್ದು ಬಿದ್ದು ನಕ್ಕರು. ಆಮೇಲೆ ಊರುಗೋಲಿನವನ ಮೇಲೆ ಬೆರಳಿಟ್ಟು, ಎಡದಿಂದ ಮತ್ತೊಮ್ಮೆ ನೋಡಿದರು. ಅವರೂ ಇಲ್ಲಿ ಯುದ್ಧ ಕಂಡವರು. "ಖಲಾಸ್, ಆಯಿತು, ಅಂಕಿ ಹೀಗೇ ಇರಲಿ," ಎಂದು ಹಾಗೆಯೇ ಒಯ್ದರು. ಯಾಕೆಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ಅಂದಿನಿಂದ ತಲೆಯಲ್ಲಿ ಅದೇ ಕೊರೆಯುತ್ತಿದೆ. ಅದನ್ನು ಕೆತ್ತಿದವನ ಮನೆಯಿಂದಲೂ ಯಾರಾದರೂ ಯುದ್ಧಕ್ಕೆ ಹೋಗಿದ್ದರೇ? ನಿನ್ನನ್ನೇ ಕೇಳಬೇಕು: ಅಲ್ಲಿ ಶತ್ರುವನ್ನು ಕಂಡು ನಿಮಗೆ ಎಂದಾದರೂ ನಗು ಬಂದಿತ್ತೇ?

ಹೊತ್ತಿಗೆ ಸರಿಯಾಗಿ ಉಣ್ಣು. ಅವ್ವನ ಮೇಲೆ ಸಿಡುಕಬೇಡ. ನೂರು ವರ್ಷ ಬಾಳು, ನನ್ನಪ್ಪಾ.

ನಿನ್ನ ಅಕ್ಕ,
ಕಾಂಚನಾ

ತಾ.ಕ.: ನಿನ್ನೆ ಅವ್ವ ಫೋನಿನಲ್ಲಿ ಅತ್ತಳು. ಸಮವಸ್ತ್ರದಲ್ಲಿರುವ ನಿನ್ನ ಫೋಟೋವನ್ನು ಗೋಡೆಗೆ ಮುಖ ಮಾಡಿ ತಿರುಗಿಸಿಟ್ಟಿದ್ದೀಯಂತೆ. "ಕಾಲು ಹೋತು, ನಂದೆಲ್ಲಾ ಮುಗೀತು ಬೇ" ಅಂದೆಯಂತೆ. ಕಾಲು ಮರಳಿ ಬರುವುದಿಲ್ಲ, ಗೊತ್ತು. ಆದರೆ ತಮ್ಮಾ, ಊರುಗೋಲು ಹಿಡಿದವನನ್ನು ಕಂಡು ಕಥೆ ಇಲ್ಲಿಂದ ಶುರು ಅಂದುಕೊಂಡವಳು ನಾನು. ಬಾವಾ ತಿದ್ದಿದ ಮೇಲೂ ಹಾಗೆಯೇ ಓದುತ್ತೇನೆ. ಫೋನ್ ಎತ್ತೋ.