ಹಾಲು ಸಾಲಲಿಲ್ಲವೆಂಬ ಮಾತು

ಮಕ್ಕಳ ಆಸ್ಪತ್ರೆ, ಎರಡನೇ ಮಹಡಿ
ಗುರುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಬೆಳಗಿನ ಮಾತ್ರೆ ತಪ್ಪಿಸದೆ ನುಂಗುತ್ತಿದ್ದೀಯ ತಾನೆ? ಗಂಟಲಿನ ಆಪರೇಷನ್ ಆಗಿ ಇಷ್ಟು ವರ್ಷವಾದರೂ ನಿನಗೆ ಅದನ್ನು ನೆನಪಿಸುವ ಕೆಲಸ ನನ್ನದೇ. ಮಗುವನ್ನು ನೋಡಲು ನೀನು ಬರಲಿಲ್ಲವೆಂದು ನನಗೆ ಬೇಸರವಿಲ್ಲ. ಯಾಕೆಂದು ಗೊತ್ತು. ಅಮ್ಮನಿಗೂ ಗೊತ್ತು, ಆದರೂ ಗೊಣಗುತ್ತಾಳೆ. ಅದು ಅವಳ ಹುಟ್ಟುಗುಣ.

ನನ್ನ ಮಗಳು ಈಗ ಹುಷಾರಾಗಿದ್ದಾಳೆ. ಹೋದ ವಾರ ಇರಲಿಲ್ಲ. ಹುಟ್ಟಿದಾಗಿನಿಂದ ಕಣ್ಣು ಅಗಲಿಸಿಕೊಂಡು ಎಲ್ಲರನ್ನೂ ನೋಡುತ್ತಿದ್ದಳು. "ಭಾರೀ ಚುರುಕು, ನಿದ್ದೆನೇ ಬೇಡ ಇವಳಿಗೆ" ಎಂದು ಅಮ್ಮ ವಾರ್ಡಿಗೆಲ್ಲ ಡಂಗುರ ಸಾರಿದಳು. ಎಷ್ಟು ಕುಡಿಸಿದರೂ ಸಾಲದು, ಆದರೆ ಮೈಗೆ ಹತ್ತದು. ಬಟ್ಟೆ ಸಡಿಲಿಸಿದರೂ ಬೆವರುತ್ತಿದ್ದಳು. ಅಪ್ಪಿಕೊಂಡರೆ ಅವಳ ಎದೆ ಕೈಯಲ್ಲಿ ಹಿಡಿದ ಗುಬ್ಬಚ್ಚಿಯ ಹಾಗೆ ಹೊಡೆದುಕೊಳ್ಳುತ್ತಿತ್ತು. ಇದನ್ನೆಲ್ಲ ಒಮ್ಮೆ ನಿನ್ನ ಮಡಿಲಲ್ಲಿ ನೋಡಿದ್ದೆ. ಆಗ ನಿನ್ನ ಅತ್ತೆ "ತಾಯಿ ಹಾಲು ಸಾಲಲಿಲ್ಲ" ಎಂದರು, ನೀನೂ ನಂಬಿದೆ.

ಮಕ್ಕಳ ಡಾಕ್ಟರಮ್ಮ ಮಗುವಿನ ಎದೆಗೆ ಕಿವಿಗೊಟ್ಟು, ಆಮೇಲೆ ನನ್ನ ಕುತ್ತಿಗೆ ನೋಡಿದರು. "ನಿಮಗೆ ಥೈರಾಯ್ಡ್ ಜಾಸ್ತಿ ಇತ್ತಾ?" ಇತ್ತು, ಗುಣವಾಯಿತು ಎಂದೆ. ನಮಗೆ ಗುಣವಾದರೂ ಅದನ್ನು ಕೆರಳಿಸುವ ಅಂಶ ರಕ್ತದಲ್ಲಿ ಉಳಿದು, ಹೊಟ್ಟೆಯಲ್ಲಿರುವಾಗಲೇ ಮಗುವಿಗೆ ದಾಟಬಹುದಂತೆ. ರಕ್ತ ಪರೀಕ್ಷೆಯಲ್ಲೂ ಅದೇ ಬಂತು. ಥೈರಾಯ್ಡ್ ತಗ್ಗಿಸಲು ಒಂದು ಔಷಧಿ, ಎದೆಬಡಿತ ಇಳಿಸಲು ಇನ್ನೊಂದು. ನನ್ನಿಂದ ಹೋದದ್ದು ಕೆಲವು ತಿಂಗಳಲ್ಲಿ ತಾನೇ ಕರಗುತ್ತದಂತೆ, ಆಮೇಲೆ ಔಷಧಿಯೂ ಬೇಡವಂತೆ. ನಿನ್ನೆ ಹಾಲು ಕುಡಿದು, ಬಾಯಿ ತೆರೆದುಕೊಂಡು, ಥೇಟ್ ನಮ್ಮಪ್ಪನ ಹಾಗೆ ಮಲಗಿದಳು. ಎಲ್ಲರೂ ನಕ್ಕರು. ನಾನು ಬಚ್ಚಲಿಗೆ ಹೋಗಿ ಅತ್ತೆ. ನನ್ನದು ಉಳಿಯಿತು, ನಿನ್ನದು ಉಳಿಯಲಿಲ್ಲ. ಈ ಸಂತೋಷವನ್ನು ನಿನ್ನ ಮುಂದೆ ಹೇಗೆ ಹೇಳಿಕೊಳ್ಳಲಿ ಅಕ್ಕಾ?

ಭಾವನಿಗೆ ನಮಸ್ಕಾರ ಹೇಳು. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ತಲೆನೋವಿನ ತಂಗಿ

ಇನ್ನೊಂದು ಮಾತು: ನೋಡಲಾರೆನೆಂದು ನೀನು ನನಗೆ ಕೊಟ್ಟಿದ್ದ ನಿನ್ನ ಮಗನ ಫೋಟೋ ಡಾಕ್ಟರಮ್ಮನಿಗೆ ತೋರಿಸಿದೆ, ನಿನ್ನ ಥೈರಾಯ್ಡ್ ಆಪರೇಷನ್ ವಿಷಯವನ್ನೂ ಹೇಳಿದೆ. "ಫೋಟೋ ನೋಡಿ ಖಂಡಿತ ಅನ್ನೋಕಾಗಲ್ಲ" ಎಂದರು, ಆದರೆ ಕೆಳಗಿಡಲಿಲ್ಲ. "ಇದೇ ಇರಬೇಕು. ಕುಡಿದಿದ್ದೆಲ್ಲ ಒಳಗೇ ಉರಿದುಹೋಗುತ್ತೆ" ಎಂದರು. ಇನ್ನೊಮ್ಮೆ ಬಸಿರಾದರೆ ಡಾಕ್ಟರಿಗೆ ಮೊದಲು ಗಂಟಲಿನ ವಿಷಯ ಹೇಳು, ಗುಣವಾಗಿದೆ ಎಂದು ಸುಮ್ಮನಿರಬೇಡ. ಅದು ಮುಂದಿನ ಮಾತು. ನಿನ್ನ ಅತ್ತೆ ಏನೇ ಹೇಳಲಿ, ನಾನು ಪಕ್ಕದಲ್ಲೇ ಕೂತು ನೋಡಿದ್ದೇನೆ. ನಿನ್ನ ಮಗ ನಿನ್ನ ಹಾಲನ್ನು ಹೊಟ್ಟೆ ತುಂಬ ಕುಡಿದಿದ್ದ.