ಮರುಗಂಟೆ

ನವಲೂರು,
ಫಾಲ್ಗುಣದ ಮೂವತ್ತೆಂಟನೆಯ ದಿನ,
ಶಾಲಿವಾಹನ ಶಕೆ ೨೧೧೧

ಮಂದಾಕಿನಿ ಅಜ್ಜಿಯವರಿಗೆ, ನಿಮ್ಮ ಮೊಮ್ಮಗಳ ಮೊಮ್ಮಗಳ ಮೊಮ್ಮಗಳು ಹೂವಕ್ಕ ಮಾಡುವ ನಮಸ್ಕಾರಗಳು.

ಈ ಓಲೆ ಕೈಸೇರುವ ಹೊತ್ತಿಗೆ ನಿಮಗಿನ್ನೂ ನಲವತ್ತು ಕೂಡ ತುಂಬಿರಲಿಕ್ಕಿಲ್ಲ, ಅಜ್ಜಿ ಎಂದದ್ದಕ್ಕೆ ಸಿಟ್ಟಾಗಬೇಡಿ. ತಾರೀಖು ನೋಡಿ ಬರೆದವಳ ತಲೆ ಕೆಟ್ಟಿದೆ ಅಂದುಕೊಳ್ಳಲೂ ಬೇಡಿ. ನಿಮ್ಮ ಕಾಲದಲ್ಲಿ ಪಂಚಾಂಗ ಹೇಳಿದ ದಿನ ಯುಗಾದಿ ಬರುತ್ತಿತ್ತಂತೆ. ನಮ್ಮಲ್ಲಿ ಬೇವು ಹೂಬಿಟ್ಟು, ಆ ಹೂ ಮರದ ಮೇಲೆ ನಿಂತರೆ ಮಾತ್ರ ಯುಗಾದಿ. ಈ ವರ್ಷ ಬೇವು ಎರಡು ಸಲ ಹೂಬಿಟ್ಟಿತು, ಎರಡು ಸಲವೂ ಆಲಿಕಲ್ಲು ಉದುರಿಸಿಕೊಂಡು ಹೋಯಿತು. ಹಾಗಾಗಿ ಫಾಲ್ಗುಣ ಎಳೆದುಕೊಂಡೇ ಇದೆ. ಯುಗಾದಿಗೆ ಮುಂಚೆ ಪ್ರತಿ ಮನೆಯವರೂ ತಮ್ಮ ಹಿರಿಯರೊಬ್ಬರಿಗೆ ಹಿಂದೋಲೆ ಬರೆಯುವುದು ನಮ್ಮ ಪದ್ಧತಿ. ಬರೆದದ್ದನ್ನು ಸುರುಳಿ ಸುತ್ತಿ ಸೈಕಲ್ಲಿನ ಹ್ಯಾಂಡಲ್ ಕೊಳವೆಯೊಳಗೆ ತುರುಕಿ ಬೂಚು ಹಾಕುತ್ತೇವೆ. ಅದು ನಿಮಗೆ ಮುಟ್ಟುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ನನ್ನ ಮಾತಿನಲ್ಲಿ ನಿಮಗೆ ಗೊತ್ತಿರದ ಪದಗಳು ಬಂದರೆ ಕ್ಷಮಿಸಿ, ಬಂದ ಕಡೆಯಲ್ಲೇ ಬಿಡಿಸಿ ಹೇಳುತ್ತೇನೆ.

ಬೇರೆ ವರ್ಷವಾಗಿದ್ದರೆ ನಾಲ್ಕು ಸಾಲು ಗೀಚಿ ಮುಗಿಸುತ್ತಿದ್ದೆ. ಇವತ್ತು ಬೆಳಿಗ್ಗೆ ನಮ್ಮವ್ವ ಕಸ್ತೂರವ್ವ ಸೈಕಲ್ ಹತ್ತಿ ಉಣಕಲ್ಲಿಗೆ ಹೋಗಿದ್ದಾಳೆ. ಅವಳು ಮನೆಗೆ ಬರುವವರೆಗೆ ನನ್ನ ಕೈಗೆ ಏನಾದರೂ ಕೆಲಸ ಬೇಕು. ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮ ದಾರಿ ನಿಮಗೆ ಗೊತ್ತಿರುವುದೇ. ಧಾರವಾಡದಿಂದ ನವಲೂರು, ರಾಯಾಪುರ, ಉಣಕಲ್ಲು ದಾಟಿ ಹುಬ್ಬಳ್ಳಿಗೆ ಹೋಗುವ ಅದೇ ದಾರಿ. ಆದರೆ ಈಗ ಅದರ ಮೇಲೆ ಸೈಕಲ್ಲುಗಳು ಮಾತ್ರ. ಎಂಜಿನ್ ಗಾಡಿಗಳು ಆಸ್ಪತ್ರೆಗೆ ಮತ್ತು ಹೊಲಕ್ಕೆ ಮೀಸಲು, ಉಳಿದವರೆಲ್ಲ ಪೆಡಲ್ ತುಳಿಯಬೇಕು. ಬೆಳಿಗ್ಗೆ ಏಳುವಾಗ ಪೇರಲ ತೋಟಗಳ ಮೇಲೆ ಮಂಜು ಕವಿದು ಹಲ್ಲು ಕಟಕಟ ಅನ್ನುತ್ತದೆ. ರಾಯಾಪುರ ಮುಟ್ಟುವಷ್ಟರಲ್ಲಿ ಬೆನ್ನು ಬೆವತು ಅಂಗಿ ಅಂಟಿರುತ್ತದೆ. ಮಧ್ಯಾಹ್ನ ನವಲಗುಂದದ ಕಡೆಯಿಂದ ಬಿಸಿಗಾಳಿ ಎರೆಮಣ್ಣಿನ ಧೂಳು ಹೊತ್ತು ತರುತ್ತದೆ. ಆ ಧೂಳು ಇಳಿಯುವ ಮೊದಲೇ ಮೋಡ ಕಟ್ಟಿ ಮಳೆಯೋ ಕಲ್ಲೋ ಬೀಳುತ್ತದೆ. ನಿಮ್ಮ ಮಳೆಗಳಿಗೆ ಅಶ್ವಿನಿ, ಭರಣಿ ಎಂದು ಹೆಸರುಗಳಿದ್ದವಂತೆ, ಬರುವ ದಿನವೂ ಗೊತ್ತಿತ್ತಂತೆ. ನಮ್ಮವು ಹೇಳದೆ ಕೇಳದೆ ಬರುತ್ತವೆ. ಅದಕ್ಕೇ ಹೊಂಚುಮಳೆ ಅನ್ನುತ್ತೇವೆ. ಅವು ಒಂದು ಊರಷ್ಟು ಅಗಲ ಕೂಡ ಇರುವುದಿಲ್ಲ. ಉಣಕಲ್ಲಿನಲ್ಲಿ ತಲೆ ಒಡೆಯುವಂತೆ ಬೀಳುತ್ತಿದ್ದರೆ ಇಲ್ಲಿ ಹಪ್ಪಳ ಒಣಗುತ್ತಿರುತ್ತದೆ.

ನಿಮ್ಮ ಕಾಲದವರು ಅಂಗೈಯಲ್ಲಿ ಫೋನ್ ಹಿಡಿದು ಮಳೆ ನೋಡುತ್ತಿದ್ದರು ಎಂದು ಕೇಳಿದ್ದೇನೆ. ನಮ್ಮ ಸಿಡಿಲಿಗೆ ಯಾವ ಟವರೂ ಒಂದು ವಸಂತ ತಾಳುವುದಿಲ್ಲ. ನಮಗಿರುವುದು ಗಂಟೆಸುದ್ದಿ. ಎದುರಿನಿಂದ ಬರುವವರು ತಾವು ದಾಟಿ ಬಂದ ಆಕಾಶವನ್ನು ಸೈಕಲ್ ಗಂಟೆಯಲ್ಲಿ ಹೇಳುತ್ತಾರೆ. ಒಂದು ಸಲ ಹೊಡೆದರೆ ಮುಂದೆ ಬಿಸಿಗಾಳಿ, ಎರಡು ಸಲಕ್ಕೆ ಮಳೆ, ಮೂರು ಸಲಕ್ಕೆ ಆಲಿಕಲ್ಲು. ಏನೂ ಹೊಡೆಯದೆ ಹೋದರೆ ಮುಂದೆ ತಿಳಿಯಾಗಿದೆ ಎಂದರ್ಥ. ಕೇಳಿಸಿಕೊಂಡವರು ಉದ್ದಕ್ಕೆ ಒಂದು ಸಲ ತಿರುಗಿ ಹೊಡೆಯಬೇಕು. ಅದಕ್ಕೆ ಮರುಗಂಟೆ ಅನ್ನುತ್ತೇವೆ. ತಿಳಿಯಿತು, ಆಸರಮನೆ ಸೇರುತ್ತೇನೆ, ನೀವು ಹೋಗಿ ಎಂದು ಅದರ ಅರ್ಥ. ಆಸರಮನೆ ಎಂದರೆ ದಾರಿಬದಿಯ ಕಲ್ಲು ಚಾವಣಿಯ ಸಣ್ಣ ಕಟ್ಟೆ, ಹತ್ತು ಜನ ಸೈಕಲ್ ಸಮೇತ ನಿಲ್ಲಬಹುದು. ಮರುಗಂಟೆ ಬಾರದಿದ್ದರೆ ಹೊಡೆದವರು ಸೈಕಲ್ ಇಳಿದು, ಎದುರಿನವರನ್ನು ಅಡ್ಡಗಟ್ಟಿ, ಬಾಯಿಬಿಟ್ಟು ಹೇಳಲೇಬೇಕು. ಇದು ಹಳೆಯ ಕಟ್ಟಳೆ. ಎಲ್ಲರೂ ಮರುಗಂಟೆ ಕೊಡುವುದರಿಂದ ಇಳಿಯುವ ಪ್ರಸಂಗ ಬರುವುದೇ ಅಪರೂಪ.

ನಾನು ದಾರಿಬದಿಯಲ್ಲಿ ಕೂತು ಚೈನಿಗೆ ಹಾಕುವ ಹೊಂಗೆ ಎಣ್ಣೆ ಮಾರುತ್ತೇನೆ. ದಿನವಿಡೀ ಈ ಗಂಟೆಗಳ ನಡುವೆಯೇ ಇರುವವಳು. ಆದರೂ ನಮ್ಮ ಮನೆಯ ಸಂಗತಿ ನನಗೆ ಕೊನೆಗೆ ತಿಳಿಯಿತು.

ಅವ್ವ ಉಣಕಲ್ಲಿನ ಹೊಲಿಗೆ ಮನೆಯಲ್ಲಿ ತಲೆಗೌದಿ ಹೊಲಿಯುತ್ತಾಳೆ. ನೀವು ಹೊದ್ದು ಮಲಗುತ್ತಿದ್ದ ಕೌದಿಯನ್ನೇ ನಾವು ಕೊಪ್ಪೆಯ ಹಾಗೆ ಹೊಲಿದು ತಲೆ, ಹೆಗಲಿಗೆ ಹಾಕಿಕೊಳ್ಳುತ್ತೇವೆ, ಕಲ್ಲಿನ ಪೆಟ್ಟು ತಪ್ಪಲಿ ಎಂದು. ಅವಳ ಹೊಲಿಗೆಗೆ ಹುಬ್ಬಳ್ಳಿಯವರೂ ಕಾಯುತ್ತಾರೆ. ಹೋದ ವಾರ ಸಂಜೆ ಅವಳು ಬಲಹೆಗಲು ಬಾತುಕೊಂಡು ಮನೆಗೆ ಬಂದಳು. ತಲೆಗೌದಿ ಕ್ಯಾರಿಯರ್ ಮೇಲೆ ಮಡಿಸಿಟ್ಟ ಹಾಗೇ ಇತ್ತು. ನಾನು ಅರಿಶಿನ ಬಿಸಿಮಾಡಿ ಹಚ್ಚುವಾಗ ಅವಳು ಊರವರನ್ನೆಲ್ಲ ಬೈದಳು.

"ಈಗಿನ ಮಂದಿಗೆ ಏನ್ ಬಂದೈತೋ. ಒಬ್ಬರರೆ ಗಂಟಿ ಹೊಡೀಬೇಕಲ್ಲ. ಎಲ್ಲಾರೂ ಸುಮ್ಮನ ಹೊಂಟಿದ್ರು ನೋಡ."

ನಾನೂ ಜೊತೆಗೂಡಿ ಬೈದೆ. ಕತ್ತಲಾಗುವ ಮೊದಲು ಹಾಲಿನ ಫಕೀರಪ್ಪ ಬಂದ. ದಿನವೂ ಬೆಳಿಗ್ಗೆ ಅವ್ವ ಹೋಗುವಾಗ ಎದುರಿನಿಂದ ಬರುವವನು ಅವನು. ಅವ್ವ ಒಳಗಿದ್ದಳು. ಅವನು ಹೊರಗೇ ನಿಂತು, ತಪ್ಪು ಮಾಡಿದವನ ಹಾಗೆ ಟವೆಲ್ ಹಿಂಡುತ್ತ ಹೇಳಿದ.

"ಮೂರು ಹೊಡದೆ ಯಕ್ಕಾ. ನಿಮ್ಮವ್ವಾರು ತಿರುಗಿ ಹೊಡದ್ರು, ನಕ್ರು ಕೂಡ. ಆಸರಮನಿ ಹೊಕ್ಕಾರು ಅಂತ ತಿಳದು ನಾ ಬಂದ್ಬಿಟ್ಟೆ. ಹೆಂಗದಾರ ಈಗ?"

ಒಳಗಿದ್ದ ಅವ್ವನಿಗೆ ಈ ಮಾತು ಕೇಳಿಸಬೇಕಿತ್ತು. ಅವಳು ಬೆನ್ನು ತಿರುಗಿಸಿಕೊಂಡು ರೊಟ್ಟಿ ತಟ್ಟುತ್ತಲೇ ಇದ್ದಳು.

ಹೆಗಲ ಬಾವು ಇಳಿದ ಮೇಲೆ ಅವಳು ಮತ್ತೆ ಹೊರಟಾಗ ಅವಳಿಗೆ ಗೊತ್ತಾಗದ ಹಾಗೆ ನಾನೂ ಹಿಂದೆ ಹೋದೆ. ಕಂಡದ್ದನ್ನು ಹೇಗೆ ಹೇಳಲಿ ಅಜ್ಜಿ. ಎದುರಿನವರ ಹೆಬ್ಬೆರಳು ಗಂಟೆಯ ಮೇಲೆ ಆಡುವುದನ್ನು ಅವಳು ನೋಡುತ್ತಾಳೆ. ನೋಡಿ, ಮುಖತುಂಬ ನಕ್ಕು, ಉದ್ದಕ್ಕೆ ಮರುಗಂಟೆ ಕೊಡುತ್ತಾಳೆ. ಒಂದು ಹೊಡೆದವರಿಗೂ ಅದೇ, ಎರಡು ಹೊಡೆದವರಿಗೂ ಅದೇ, ಎಷ್ಟು ಸಲ ಹೊಡೆದರೆಂಬುದು ಅವಳ ಕಣ್ಣಿಗೆ ಸಿಗುವುದಿಲ್ಲ. ಕೈಯಾಡಿದ್ದು ಕಂಡರೆ ಸುಮ್ಮನಿರುವುದು ಮರ್ಯಾದೆಯಲ್ಲ ಎಂದು ಬೆಳೆದವಳು ಅವಳು. ಹೊಡೆದವರು ಇವಳಿಗೆ ತಿಳಿಯಿತು ಅಂದುಕೊಂಡು ನಿಶ್ಚಿಂತೆಯಿಂದ ಹೋಗುತ್ತಾರೆ. ಹೆಬ್ಬೆರಳು ಕಾಣದೆ ಹೋದರೆ ಯಾರೂ ಹೊಡೆಯಲಿಲ್ಲ ಅಂದುಕೊಳ್ಳುತ್ತಾಳೆ. ಯಾರೂ ಹೊಡೆಯಲಿಲ್ಲವೆಂದರೆ ಮುಂದೆ ತಿಳಿಯಾಗಿದೆ ತಾನೆ? ನಮ್ಮವ್ವನಿಗೆ ಈಗ ದಿನವೂ ಆಕಾಶ ತಿಳಿಯಾಗಿಯೇ ಇರುತ್ತದೆ.

ಕಿವಿ ಹೋದವರಿಗೆ ದಾರಿ ಇಲ್ಲ. ವರ್ಷಕ್ಕೊಮ್ಮೆ ದಾರಿಪಂಚರು ಕಿವಿ ನೋಡುತ್ತಾರೆ, ಕೇಳದಿದ್ದರೆ ಸೈಕಲ್ಲನ್ನು ಮನೆಯಲ್ಲೇ ಕಟ್ಟಿಹಾಕಿಸುತ್ತಾರೆ. ಅವರದೂ ತಪ್ಪಲ್ಲ, ಸತ್ತವರನ್ನು ಹೊತ್ತು ತಂದವರು ಅವರು. ಆದರೆ ನನ್ನ ದೊಡ್ಡವ್ವನಿಗೆ ಹೀಗಾದದ್ದನ್ನು ನಾನು ಕಂಡಿದ್ದೇನೆ. ಅಂಗಳದಲ್ಲಿ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಸೈಕಲ್ಲಿನ ಮೇಲೆ ಕೂತು ಅವಳು ಬೆಳಗಿನಿಂದ ಸಂಜೆಯವರೆಗೆ ಪೆಡಲ್ ತುಳಿಯುತ್ತಿದ್ದಳು. ಊಟಕ್ಕೆ ಕರೆದರೆ, ಇನ್ನೂ ರಾಯಾಪುರ ಬಂದಿಲ್ಲ ಅನ್ನುತ್ತಿದ್ದಳು. ಮುಂದಿನ ವಸಂತಕ್ಕೆ ಅವಳಿರಲಿಲ್ಲ. ಅವ್ವ ದಿನವೂ ಅವಳ ಬಾಯಿಗೆ ತುತ್ತಿಟ್ಟವಳು. ಹಾಗಾಗಿ ಅವಳು ಯಾಕೆ ಮುಚ್ಚಿಟ್ಟಳು ಎಂದು ನಾನು ಕೇಳಬೇಕಾಗಿಯೇ ಇರಲಿಲ್ಲ. ಪಂಚರಿಗೆ ಹೇಳಿದರೆ ಅವ್ವ ಮನೆಯಲ್ಲಿ ಸಾಯುತ್ತಾಳೆ, ಹೇಳದಿದ್ದರೆ ದಾರಿಯಲ್ಲಿ. ಎಷ್ಟು ದಿನ ಹಾಸಿಗೆಯಲ್ಲಿ ಹೊರಳಾಡಿದರೂ ನನಗೆ ಮೂರನೆಯದು ಹೊಳೆಯಲಿಲ್ಲ.

ಹೊಳೆದದ್ದು ನಿನ್ನೆ, ಅವ್ವನಿಗೆ ರಜೆಯಿದ್ದ ದಿನ, ಸೈಕಲ್ ಒರೆಸುವಾಗ. ಅವ್ವನ ಹ್ಯಾಂಡಲ್ ಮೇಲಿರುವುದು ನಿಮ್ಮ ಗಂಟೆ ಅಜ್ಜಿ. ನೀವು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೊಂಡಿರಂತೆ, ಮುಚ್ಚಳದ ಮೇಲೆ ಕಮಲವಿದೆ, ಎಸಳುಗಳು ಸವೆದು ಈಗ ಬೆರಳಿಗೆ ಮಾತ್ರ ಗೊತ್ತಾಗುತ್ತವೆ. ಅದರ ದನಿ ರಾಯಾಪುರದ ಏರಿನವರೆಗೆ ಕೇಳುತ್ತದೆ ಎಂದು ಅವ್ವನಿಗೆ ಹೆಮ್ಮೆ. ಅವಳು ಮಧ್ಯಾಹ್ನ ಅಡ್ಡಾಗಿದ್ದಾಗ ನಾನು ಪಾನಾ ತಂದು ಅದನ್ನು ಬಿಚ್ಚಿದೆ. ಗಂಟೆ ಇಲ್ಲದಿದ್ದರೆ ಮರುಗಂಟೆ ಇಲ್ಲ. ಮರುಗಂಟೆ ಇಲ್ಲದಿದ್ದರೆ ಎದುರಿನವರು ಇಳಿಯಲೇಬೇಕು, ಅವಳ ಮುಖ ನೋಡಿ ಹೇಳಲೇಬೇಕು. ಬಾಯಾಡುವುದನ್ನು ನೋಡಿ ಅವಳು ಇಷ್ಟು ದಿನ ನನ್ನನ್ನೇ ಏಮಾರಿಸಿದವಳು, ಅವರ ಮಾತೂ ತಿಳಿದೀತು.

ಇವತ್ತು ಬೆಳಿಗ್ಗೆ ಅವಳು ಎಂದಿನಂತೆ ಹ್ಯಾಂಡಲ್ ಹಿಡಿದು ಹೆಬ್ಬೆರಳು ಚಾಚಿದಳು. ಹೆಬ್ಬೆರಳು ಗಾಳಿಯಲ್ಲಿ ಉಳಿಯಿತು. ಸುತ್ತ ನೋಡಿ, ಆಮೇಲೆ ನನ್ನನ್ನು ನೋಡಿದಳು. ನಾನು ಮುಂದೆ ಹೋಗಿ ಅವಳಿಗೆ ಕಾಣುವಂತೆ ಬಿಡಿಸಿ ಹೇಳಿದೆ.

"ನಾನ ತಗದೇನಿ ಅವ್ವಾ."

ಅವಳ ಕಣ್ಣು ತುಂಬಿದ್ದವು, ನನ್ನವೂ ತುಂಬಿದ್ದವು.

"ಅಂದ್ರ ಗೊತ್ತಾತು ನಿನಗ" ಅಂದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು, "ಗಂಟಿ ಇಲ್ಲದ ಸೈಕಲ್ ತಗೊಂಡ ಹೊಂಟರ ಮಂದಿ ಏನಂತಾರ? ಕಸ್ತೂರವ್ವಗ ಸೊಕ್ಕ ಬಂದೈತಿ ಅಂತಾರ."

"ಅನ್ನಲಿ. ಅನ್ನಾಕರೆ ಇಳೀತಾರಲ್ಲ."

ಅದಕ್ಕೆ ನಕ್ಕಳು. ತಲೆಗೌದಿಯನ್ನು ಕ್ಯಾರಿಯರ್‌ನಿಂದ ತೆಗೆದು ಹೆಗಲ ಮೇಲೆ ಹಾಕಿಕೊಂಡು ಹೋದಳು. ಇಳಿಜಾರಿನಲ್ಲಿ ಫಕೀರಪ್ಪ ಎದುರಾದದ್ದು ನನಗೆ ಇಲ್ಲಿಂದ ಕಂಡಿತು. ಒಂದು ಹೊಡೆದ, ಕಾದ, ಮತ್ತೆ ಹೊಡೆದ. ಆಮೇಲೆ ಹಾಲಿನ ಕ್ಯಾನುಗಳನ್ನು ಸಂಭಾಳಿಸುತ್ತ ಇಳಿದು ರಸ್ತೆಗೆ ಅಡ್ಡ ನಿಂತ. ಅವ್ವ ಕಾಲೂರಿದಳು. ಇಬ್ಬರೂ ಏನೋ ಮಾತಾಡಿದರು, ಬಿಸಿಗಾಳಿಯ ಸುದ್ದಿಗೆ ಬೇಕಾದದ್ದಕ್ಕಿಂತ ಬಹಳ ಹೆಚ್ಚೇ ಮಾತಾಡಿದರು.

ಆದರೆ ದಾರಿಯಲ್ಲಿ ಎಲ್ಲರೂ ಫಕೀರಪ್ಪರಲ್ಲ. ಹುಬ್ಬಳ್ಳಿಯ ಹುಡುಗರು ಗಾಳಿಯ ಬೆನ್ನು ಹತ್ತಿ ಹೋಗುತ್ತಾರೆ, ಇಳಿಯುವ ಕಟ್ಟಳೆ ಅವರಿಗೆ ನೆನಪಿದೆಯೋ ಇಲ್ಲವೋ. ನಾನು ಮಾಡಿದ್ದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ನಾನು ಅವಳ ಪ್ರಾಣವನ್ನು ಕಂಡವರ ಬ್ರೇಕಿನ ಮೇಲೆ ಬಿಟ್ಟಿದ್ದೇನೆ.

ಅದಕ್ಕೇ ನಿಮ್ಮಲ್ಲಿ ಒಂದು ಬೇಡಿಕೆ. ಗಂಟೆಸುದ್ದಿಯನ್ನು ಶುರುಮಾಡಿದವರು ನಿಮ್ಮ ಮಕ್ಕಳ ಕಾಲದವರು, ನಿಂತು ಮಾತಾಡಲು ಪುರಸೊತ್ತಿಲ್ಲವೆಂದು ಶುರುಮಾಡಿದರಂತೆ. ನಾಳೆ ನೀವು ಕೆಲಸಕ್ಕೆ ಹೋಗುವಾಗ ಗಾಳಿ ತಿರುಗಿದರೆ, ಧೂಳಿನ ವಾಸನೆ ಬಂದರೆ, ಎದುರಿನಿಂದ ಬರುವವರ ಮುಂದೆ ಸೈಕಲ್ ನಿಲ್ಲಿಸಿ. ಗುರುತಿಲ್ಲದವರಾದರೂ ಪರವಾಗಿಲ್ಲ. ಮುಂದೆ ಮಳೆ ಐತ್ರಿ ಎಂದು ಬಾಯಿಬಿಟ್ಟು ಹೇಳಿ. ಮಕ್ಕಳ ಎದುರಿಗೇ ಹೇಳಿ, ಅವರು ನೋಡಿ ಕಲಿಯಲಿ. ಆ ಅಭ್ಯಾಸ ಒಂದು ಮನೆಯಲ್ಲಾದರೂ ಉಳಿದುಕೊಂಡರೆ ಅದು ಎಲ್ಲೆಲ್ಲೋ ಹಾದು ಇವತ್ತು ಸಂಜೆ ರಾಯಾಪುರದ ಏರಿನಲ್ಲಿ ಯಾರನ್ನೋ ಸೈಕಲ್ಲಿನಿಂದ ಇಳಿಸೀತು.

ನಿಮ್ಮ ಗಂಟೆ ಜೋಳದ ಡಬ್ಬಿಯಲ್ಲಿದೆ, ಜೋಪಾನವಾಗಿದೆ.

ಇಷ್ಟು ಬರೆಯುವಷ್ಟರಲ್ಲಿ ನಮ್ಮೂರಿಗೂ ರಾಯಾಪುರದ ಏರಿಗೂ ನಡುವೆ ಕಪ್ಪಾಯಿತು. ಮನೆಗೆ ಬರುವವರ ಹೊತ್ತು ಇದು. ಅಂಗಳದಲ್ಲಿ ಗಾಳಿ ತಣ್ಣಗಾಗಿದೆ, ಎಣ್ಣೆಯ ಬಾಟಲಿಗಳನ್ನು ಒಳಗಿಟ್ಟೆ. ಇಲ್ಲಿಂದ ಅದನ್ನು ದಾಟಿ ಹೋದವರು ಯಾರೋ ಏರಿನ ಮೇಲೆ ಮೂರು ಹೊಡೆದರು, ಉದ್ದಕ್ಕೆ ಮರುಗಂಟೆ ಕೇಳಿತು. ಮತ್ತೆ ಮೂರು, ಮತ್ತೆ ಮರುಗಂಟೆ. ಈಗ ಇನ್ನೊಮ್ಮೆ ಮೂರು ಹೊಡೆದರು. ಕಿವಿಗೊಟ್ಟು ಕೂತಿದ್ದೇನೆ. ಮರುಗಂಟೆ ಬರಲಿಲ್ಲ. ಮತ್ತೆ ಮೂರು. ಬರಲಿಲ್ಲ. ಈಗ ಹೊಡೆಯುವುದೂ ನಿಂತಿದೆ.

ಯಾರೋ ಇಳಿದಿದ್ದಾರೆ ಅಜ್ಜಿ. ಇಳಿದಿರಬೇಕು. ನಾನು ತಲೆಗೌದಿ ಹಾಕಿಕೊಂಡು ಎದುರು ಹೋಗುತ್ತೇನೆ.

ನಿಮ್ಮ
ಹೂವಕ್ಕ