ಅಲಾರಂ ಕೂಗಿದರೆ ಗಾಬರಿಯಾಗಬೇಡಿ

ಮಾರ್ಚ್ 3, ಸೋಮವಾರ. ಬೆಳಗ್ಗೆ 6.30

'ಆರಿಸಿದ ಕೈಗೇ ಗೊತ್ತು ಉರಿಯ ತೂಕ' — ಹೀಗೇ ಇತ್ತೇ ಆ ಸಾಲು? ಅಥವಾ 'ಹಚ್ಚಿದ ಕೈಗೇ' ಎಂದೋ? ಎಂ.ಎ. ಓದುವಾಗ ಎಲ್ಲೋ ಕಂಡದ್ದು. ಬರೆದವರು ಯಾರೆಂದೂ ಮರೆತಿದೆ. ಅಲ್ಲದೆ, ಉರಿಗೆಲ್ಲಿಯ ತೂಕ? ಸೋಲ್ಡರ್ ಮಾಡುತ್ತಲೇ ಅಣ್ಣನನ್ನು ಕೇಳಿದೆ.

"ತೂಕ ಆಮೇಲೆ ನೋಡೋಣ. ಮೊದ್ಲು ಆ ಕೆಂಪು ವೈರ್ ಸರಿಯಾಗಿ ಕೂರ್ಸು, ಪಂಡಿತೆ."

ಸ್ಟ್ರೋಕ್ ಆಗಿ ಅವನ ಬಲಗೈ ಸ್ವಾಧೀನ ತಪ್ಪಿ ಎರಡು ವರ್ಷ. ಮೂವತ್ತು ವರ್ಷ ಗಡಿಯಾರ ರಿಪೇರಿ ಮಾಡಿದ ಕೈ. ಈಗ ತಲೆ ಅವನದು, ಬೆರಳು ನನ್ನವು.

ಸ್ಪರ್ಧೆಗೆಂದು ನಾವಿಬ್ಬರೂ ಕಟ್ಟುತ್ತಿರುವ ರೋಬೋಟ್ ಮೊಣಕಾಲೆತ್ತರದ ಪ್ಲೈವುಡ್ ಮನೆಯೊಳಗೆ ತಾನೇ ಸುತ್ತಬೇಕು. ನಾಲ್ಕು ಕೋಣೆಗಳಲ್ಲಿ ಮೇಣದಬತ್ತಿ ಎಲ್ಲಿದೆಯೆಂದು ಹುಡುಕಿ, ಫ್ಯಾನ್ ತಿರುಗಿಸಿ ಆರಿಸಬೇಕು. ರಿಮೋಟ್ ಇಲ್ಲ. ಬಟನ್ ಒತ್ತಿದ ಮೇಲೆ ಯಾರೂ ಮುಟ್ಟುವಂತಿಲ್ಲ.

"ಅಲ್ಲಿ ಎಲ್ರೂ ಕೈ ಕಟ್ಕೊಂಡು ನಿಲ್ಬೇಕು ನೋಡು. ನನ್ನ ಹಾಗೇ."

ಅದಕ್ಕೆ 'ಅತ್ತಿಗೆ' ಎಂದು ಹೆಸರಿಟ್ಟವಳು ನಾನು. ಮದುವೆಯಾಗದ ಅಣ್ಣ ದಿನವಿಡೀ ಅದರ ಮುಖವನ್ನೇ ನೋಡುತ್ತಾನಲ್ಲ! ಕಳೆದ ವರ್ಷದ ಸ್ಪರ್ಧೆಯಲ್ಲಿ ಅತ್ತಿಗೆ ಮೊದಲ ಬಾಗಿಲಲ್ಲೇ ನಿಂತುಬಿಟ್ಟಳು. ಆಮೇಲೆ ಒಂದು ತಿಂಗಳು ಅಣ್ಣ ಹಾಸಿಗೆ ಬಿಟ್ಟೇಳಲಿಲ್ಲ. ಗೋಡೆಗೆ ಮುಖ ಮಾಡಿ... ಈ ಸಲ ಹಾಗಾಗಬಾರದು. 23ಕ್ಕೆ ಸ್ಪರ್ಧೆ.

ಮಾರ್ಚ್ 5, ಬುಧವಾರ

ದಿನಕ್ಕೆ ಮೂರು ಸಲ ಸ್ಮೋಕ್ ಅಲಾರಂ ಕೂಗುತ್ತಿದೆ. ಆರಿದ ಬತ್ತಿಯ ಹೊಗೆ ಸಾಕು ಅದಕ್ಕೆ. ಕಿತ್ತುಹಾಕು ಎಂದ ಅಣ್ಣ. ಕೂಡದು ಎಂದೆ. ನಾನು ಕೆಲಸಕ್ಕೆ ಹೋದಾಗ ಅದೇ ಅಲ್ಲವೇ ಕಾವಲು?

ಎದುರುಮನೆಯ ಟೈಲರ್ ಮೊದಲ ದಿನ ಬಕೆಟ್ ನೀರು ಹಿಡಿದು ಓಡಿಬಂದಿದ್ದಳು. ಹಾಗಾಗಿ ಇವತ್ತು ನಾನೇ ಕಟ್ಟಡದ ಆರೂ ಮನೆಗೆ ಹೋಗಿ ಹೇಳಿಬಂದೆ.

"ಇನ್ಮೇಲೆ ಕೂಗಿದ್ರೆ ಬರಬೇಡ, ಅಣ್ಣ ಪ್ರಾಕ್ಟೀಸ್ ಮಾಡ್ತಿದ್ದಾನೆ ಅಂದ್ಕೋ."

"ಸದ್ಯ, ಬದುಕಿದೆ! ಗಾಬರೀಲಿ ಬೆರಳಿಗೇ ಸೂಜಿ ಚುಚ್ಕೊಂಡಿದ್ದೆ ಅಕ್ಕಾ."

ಮೆಟ್ಟಿಲ ಗೋಡೆಗೆ ಚೀಟಿಯನ್ನೂ ಅಂಟಿಸಿದೆ: 'ಅಲಾರಂ ಕೂಗಿದರೆ ಗಾಬರಿಯಾಗಬೇಡಿ.' ಪ್ರೂಫ್ ತಿದ್ದುವ ಕಣ್ಣಿನಿಂದ ಎರಡು ಸಲ ಓದಿದೆ. ಒಂದು ಪದವೂ ಹೆಚ್ಚಿಲ್ಲ. ಸಾಲು ಚೆನ್ನಾಗಿ ಬಂದಿದೆ ಅನ್ನಿಸಿತು.

ಮಾರ್ಚ್ 9, ಭಾನುವಾರ

ಕಿಟಕಿಯ ಬಿಸಿಲನ್ನೂ ಬೆಂಕಿಯೆಂದೇ ತಿಳಿಯುತ್ತಾಳೆ ಅತ್ತಿಗೆ. ಬತ್ತಿ ಬಿಟ್ಟು ಅತ್ತಲೇ ಓಟ. ಟೈಲರ್ ಹತ್ತಿರ ಕಪ್ಪು ಬಟ್ಟೆ ತಂದು ಕಿಟಕಿಗೆ ಕಟ್ಟಿದೆ. ಎರಡೇ ಮೊಳೆ. ಮೂರನೆಯದು ಸಿಗಲಿಲ್ಲ.

ನಾನಿಲ್ಲದಾಗ ಬತ್ತಿ ಹಚ್ಚಬೇಡ ಎಂದೆ.

"ಆಯ್ತಮ್ಮಾ, ಆಣೆ."

"ಯಾವ ಕೈ ಮೇಲೆ?"

"ಬಲಗೈ."

"ಅದು ಲೆಕ್ಕಕ್ಕಿಲ್ಲ!"

ಇಬ್ಬರೂ ನಕ್ಕೆವು. ಎಡಗೈ ಮೇಲೆ ಆಣೆ ಮಾಡಿಸಿಕೊಳ್ಳುವುದು ಮರೆತೇ ಹೋಯಿತು.

ಮಾರ್ಚ್ 14, ಶುಕ್ರವಾರ

ಮೂರು ಕೋಣೆಗಳಲ್ಲಿ ತಪ್ಪಿಲ್ಲ. ನಾಲ್ಕನೆಯದರಲ್ಲಿ, ಕಿಟಕಿಯ ಕಡೆಯದರಲ್ಲಿ, ಸುಮ್ಮನೆ ಗಿರಗಿರ ಸುತ್ತುತ್ತಾಳೆ. ಅಣ್ಣ ಇವತ್ತು ತಾನಾಗಿ ಎದ್ದು ಎಡಗೈಯಲ್ಲೇ ಶೇವ್ ಮಾಡಿಕೊಂಡ. ಗದ್ದದ ಮೇಲೆ ಎರಡು ಗಾಯ. ನೋಡಿ ಕಣ್ಣು ತುಂಬಿತು... ತೋರಿಸಿಕೊಳ್ಳಲಿಲ್ಲ.

ಮಾರ್ಚ್ 17, ಸೋಮವಾರ

ನಾಲ್ಕನೇ ಕೋಣೆ ಇನ್ನೂ ಸರಿಯಿಲ್ಲ. ನಾಳೆ ಪ್ರೆಸ್ಸಿಗೆ ಹೋಗಲೇಬೇಕು. ಸಂಜೆ ಬಂದ ಮೇಲೆ ಒಟ್ಟಿಗೆ ನೋಡೋಣ ಎಂದೆ. "ಹೂಂ" ಎಂದ. ಅಷ್ಟು ಬೇಗ ಒಪ್ಪುವವನಲ್ಲ.

ಮಾರ್ಚ್ 19. ಆಸ್ಪತ್ರೆ ಕಾರಿಡಾರ್

ನಿನ್ನೆ ಹಚ್ಚಿದ್ದಾನೆ. ಬಟ್ಟೆಯ ಒಂದು ಮೊಳೆ ಬಿಟ್ಟುಕೊಂಡಿದೆ. ತುದಿ ನಾಲ್ಕನೇ ಕೋಣೆಯ ಬತ್ತಿಯ ಮೇಲೆ ಬಿದ್ದಿದೆ. ಎಡಗೈಯಲ್ಲಿ ಎಳೆದು ಆರಿಸಲು ನೋಡಿ ಅಲ್ಲೇ ಬಿದ್ದಿದ್ದಾನೆ. ರಸ್ತೆಯಲ್ಲಿ ಹೋಗುತ್ತಿದ್ದ ಯಾರೋ ಹೊಗೆ ಕಂಡು ಫೋನ್ ಮಾಡಿದರಂತೆ. ಆಗ ಹನ್ನೆರಡು ಗಂಟೆ.

ಸುಟ್ಟದ್ದು ಹೆಚ್ಚಿಲ್ಲ, ಹೊಗೆ ಒಳಗೆ ಹೋಗಿದೆ, ತುಂಬಾ ಹೊತ್ತು ಹೊಗೆಯಲ್ಲೇ ಇದ್ದಾರೆ ಎಂದರು ಡಾಕ್ಟರ್. ತುಂಬಾ ಹೊತ್ತು ಎಂದರೆ ಎಷ್ಟು? ಕೇಳಲಿಲ್ಲ.

ಮಾರ್ಚ್ 21

ಅಣ್ಣ ಹೋದ. ಬೆಳಗ್ಗೆ 9.10.

ಮಾರ್ಚ್ 23, ಭಾನುವಾರ. ಮಧ್ಯಾಹ್ನ

ಸ್ಪರ್ಧೆ ಈಗ ಶುರುವಾಗಿರುತ್ತದೆ. ಕೋಣೆಯ ಬಾಗಿಲು ತೆರೆದೆ. ಅತ್ತಿಗೆ ನಾಲ್ಕನೇ ಕೋಣೆಯೊಳಗೆ ಕಿಟಕಿಗೆ ನೇರ ಮುಖ ಮಾಡಿ ನಿಂತಿದ್ದಾಳೆ. ಸರಿಯಾಗಿಯೇ ಹುಡುಕಿದ್ದಾಳೆ. ಫ್ಯಾನಿನ ರೆಕ್ಕೆ ಕರಗಿ ಜೋತಿದೆ.

ಮೆಟ್ಟಿಲಿಗೆ ಹೋಗಿ ಚೀಟಿ ಕಿತ್ತೆ. ಅರ್ಧ ಮಾತ್ರ ಬಂತು. 'ಗಾಬರಿಯಾಗಬೇಡಿ' ಗೋಡೆಯಲ್ಲೇ ಉಳಿಯಿತು. ಉಗುರಿನಿಂದ ಕೆರೆದೆ.

ಹಚ್ಚಿದ ಕೈಯೂ ಅಲ್ಲ, ಆರಿಸಿದ ಕೈಯೂ ಅಲ್ಲ. ಬರೆದ ಕೈ.

ಸಂಜೆ 4

ಟೈಲರ್ ಬಂದಿದ್ದಳು. ಒಳಗೆ ಬಾ ಎಂದೆ, ಬರಲಿಲ್ಲ. ಹೊಸ್ತಿಲಾಚೆಯೇ ನಿಂತು, ಕುತ್ತಿಗೆಯಲ್ಲಿದ್ದ ಅಳತೆಯ ಟೇಪನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ —

"ಕೇಳಿಸ್ತು ಅಕ್ಕಾ. ಹನ್ನೊಂದು ಗಂಟೆಯಿಂದ್ಲೇ ಕೂಗ್ತಿತ್ತು. ಬಕೆಟ್ ತುಂಬ್ಕೊಂಡು ನಿಮ್ಮ ಬಾಗಿಲ ತನಕ ಬಂದಿದ್ದೆ. ಆಮೇಲೆ ನೀವು ಹೇಳಿದ್ದು ನೆನಪಾಗಿ, ವಾಪಸ್ ಹೋದೆ."